ಏರಿನಲ್ಲಿ ಮೂರು ಸೆನ್ಸರ್‌ಗಳು ಒಟ್ಟಿಗೆ ಕೈಕೊಡುತ್ತಿವೆ, ಎಂಜಿನ್ ಕಂಪ್ಯೂಟರ್ (ಇಸಿಎಂ) ಹೋಗಿದೆಯೇ?

ಹತ್ತುಚಕ್ರ:
ಎಲ್ಲರಿಗೂ ನಮಸ್ಕಾರ. ನನ್ನದು ಹದಿನೈದು ವರ್ಷ ಹಳೆಯ ಹತ್ತು ಚಕ್ರದ ಲಾರಿ. ಕಾಮನ್ ರೈಲ್ ಡೀಸೆಲ್ ಎಂಜಿನ್ (ಭಾರಿ ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರ್‌ಗಳಿಗೂ ಹೋಗುವಂಥದ್ದು), 24 ವೋಲ್ಟ್ ವೈರಿಂಗ್. ಎರಡು ತಿಂಗಳಿಂದ ಒಂದೇ ಕಾಟ. ಖಾಲಿ ಗಾಡಿಯನ್ನು ದಿನವಿಡೀ ಓಡಿಸಿದರೂ ಏನೂ ಆಗುವುದಿಲ್ಲ. ಲೋಡು ಹೊತ್ತು ಏರು ಹಿಡಿದರೆ ಸಾಕು, ಅರ್ಧ ಹತ್ತುವಷ್ಟರಲ್ಲಿ ಚೆಕ್ ಲೈಟ್ ಬೆಳಗುತ್ತದೆ, ಪಿಕಪ್ ಪೂರ್ತಿ ಬಿದ್ದುಹೋಗುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎರಡನೆಯ ಗೇರಿನಲ್ಲಿ ತೆವಳಬೇಕು. ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿಯಾಗಿ ಹೊರಡುತ್ತದೆ.

ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್‌ಗಳು: ಎಸ್‌ಪಿಎನ್ 157 ಎಫ್‌ಎಂಐ 4, ಎಸ್‌ಪಿಎನ್ 102 ಎಫ್‌ಎಂಐ 4, ಎಸ್‌ಪಿಎನ್ 100 ಎಫ್‌ಎಂಐ 4. ಅಂದರೆ ರೈಲ್ ಪ್ರೆಶರ್ (ರೈಲಿನೊಳಗಿನ ಡೀಸೆಲ್ ಒತ್ತಡ), ಬೂಸ್ಟ್ ಪ್ರೆಶರ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ಆಯಿಲ್ ಪ್ರೆಶರ್. ಮೊದಲು ರೈಲ್ ಪ್ರೆಶರ್ ಸೆನ್ಸರ್ ಬದಲಾಯಿಸಿದೆ, ಕಾಯಿಲೆ ಹೋಗಲಿಲ್ಲ. ಆಮೇಲೆ ಬೂಸ್ಟ್ ಸೆನ್ಸರ್ ಹೊಸದು ಹಾಕಿದೆ, ಅದೂ ಅಷ್ಟೆ. ಈಗ ಗ್ಯಾರೇಜಿನವರು ಇಸಿಎಂ ಹೋಗಿದೆ, ಅದನ್ನೇ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮೊದಲು ನಿಮ್ಮೆಲ್ಲರ ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ.

ಮೂರನೆಯ ಗೇರು:
ಆಯಿಲ್ ಪ್ರೆಶರ್ ಸೆನ್ಸರ್ ಒಂದು ಉಳಿದಿದೆಯಲ್ಲ, ಅದನ್ನೂ ಬದಲಾಯಿಸಿ ನೋಡಿ. ಹದಿನೈದು ವರ್ಷದ ಸೆನ್ಸರ್‌ಗಳು ಸಾಲಾಗಿ ಹೋಗುವುದು ಹೊಸದೇನಲ್ಲ.

ಡೀಸೆಲ್ ಮೇಸ್ತ್ರಿ:
ಸಾಲಾಗಿ ಹೋಗುವುದು ಬೇರೆ, ಒಂದೇ ಕ್ಷಣದಲ್ಲಿ ಮೂರೂ ಹೋಗಿ ಎರಡು ನಿಮಿಷದ ನಂತರ ಮೂರೂ ಸರಿಯಾಗುವುದು ಬೇರೆ. ಸೆನ್ಸರ್‌ಗಳು ಹಾಗೆ ಮಾತಾಡಿಕೊಂಡು ಕೆಡುವುದಿಲ್ಲ. ದಯವಿಟ್ಟು ಇನ್ನೊಂದು ಸೆನ್ಸರ್ ತರಬೇಡಿ.

ಬಿಳಿಹೊಗೆ:
ಡೀಸೆಲ್ ಫಿಲ್ಟರ್ ನೋಡಿದಿರಾ? ಲೋಡಿನಲ್ಲಿ, ಏರಿನಲ್ಲಿ ಪಿಕಪ್ ಬೀಳುವುದೆಂದರೆ ನೂರಕ್ಕೆ ತೊಂಬತ್ತು ಸಲ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಟ್ಯಾಂಕಿನಿಂದ ಬರುವ ಪೈಪು ಗಾಳಿ ಎಳೆಯುತ್ತಿರುತ್ತದೆ. ಸ್ಟಾರ್ಟ್ ಮಾಡಿ ರೈಲಿನ ಪೈಪಿನ ನಟ್ ಸ್ವಲ್ಪ ಸಡಿಲಿಸಿ, ಡೀಸೆಲ್ ಎಷ್ಟು ಜೋರಾಗಿ ಬರುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಡೀಸೆಲ್ ಮೇಸ್ತ್ರಿ:
ಬಿಳಿಹೊಗೆ ಅವರೇ, ಆ ಕೊನೆಯ ಮಾತನ್ನು ಯಾರೂ ಕೇಳಬಾರದು. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಲ್ಲಿ ನಟ್ ಸಡಿಲಿಸಿ ಸಿಲಿಂಡರ್ ಪರೀಕ್ಷಿಸುವ ಪದ್ಧತಿ ಇತ್ತು, ನಿಜ. ಕಾಮನ್ ರೈಲಿನಲ್ಲಿ, ಆಕ್ಸಿಲರೇಟರ್ ಒತ್ತದ ಐಡಲ್‌ನಲ್ಲೇ ಸಾಮಾನ್ಯವಾಗಿ 250 ರಿಂದ 350 ಬಾರ್ ಒತ್ತಡ ಇರುತ್ತದೆ, ಲೋಡಿನಲ್ಲಿ 1,000 ಬಾರ್ ದಾಟುತ್ತದೆ. ಆ ಒತ್ತಡದಲ್ಲಿ ಸಿಡಿಯುವ ಡೀಸೆಲ್ ಕೈಗವಸನ್ನೂ ಚರ್ಮವನ್ನೂ ಸೀಳಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ತಕ್ಷಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ರೈಲಿನ ಯಾವ ನಟ್ಟನ್ನೂ ಮುಟ್ಟಬೇಡಿ.

ಬಿಳಿಹೊಗೆ:
ಒಪ್ಪಿದೆ, ಹಳೆಯ ಅಭ್ಯಾಸದಲ್ಲಿ ಬರೆದುಬಿಟ್ಟೆ. ಯಾರೂ ಹಾಗೆ ಮಾಡಬೇಡಿ. ಆದರೆ ಫಿಲ್ಟರ್ ಅನುಮಾನವನ್ನು ನಾನು ಬಿಡುವುದಿಲ್ಲ.

ತಾಮ್ರದ ತಂತಿ:
ಫಿಲ್ಟರ್ ಕಟ್ಟಿಕೊಂಡರೆ ರೈಲಿನ ಒತ್ತಡ ನಿಜವಾಗಿಯೇ ಬೀಳುತ್ತದೆ. ಆಗ ಇಸಿಎಂ ‘ಕೇಳಿದಷ್ಟು ಒತ್ತಡ ಬರುತ್ತಿಲ್ಲ’ ಎಂಬ ಬೇರೆ ಕೋಡ್ ಕೊಡುತ್ತದೆ. ಡೀಸೆಲ್ ಫಿಲ್ಟರಿಗೂ ಆಯಿಲ್ ಪ್ರೆಶರ್ ಸೆನ್ಸರಿನ ವೋಲ್ಟೇಜಿಗೂ ಏನು ಸಂಬಂಧ? ಇಲ್ಲಿ ಮೂರಕ್ಕೂ ಎಫ್‌ಎಂಐ 4 ಬಂದಿದೆ. ಅದನ್ನು ಓದುವುದು ಹೇಗೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಉತ್ತರ ಅದರಲ್ಲೇ ಅಡಗಿದೆ.

ಎಸ್‌ಪಿಎನ್ ಎನ್ನುವುದು ಯಾವ ಅಳತೆಯ ವಿಷಯ ಎಂದು ಹೇಳುತ್ತದೆ, ಎಫ್‌ಎಂಐ ಅದಕ್ಕೆ ಏನಾಗಿದೆ ಎಂದು ಹೇಳುತ್ತದೆ. ಎಫ್‌ಎಂಐ 3 ಎಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ ಹೋಗಿದೆ, 4 ಎಂದರೆ ಕೆಳಗೆ ಬಿದ್ದಿದೆ. 2 ಎಂದರೆ ಅಳತೆ ಒಂದು ನೆಲೆಯಲ್ಲಿ ನಿಲ್ಲದೆ ಓಲಾಡುತ್ತಿದೆ. 0 ಮತ್ತು 1 ಬಂದರೆ ಕಥೆಯೇ ಬೇರೆ: ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ, ಅಪಾಯ ಇರುವುದು ಎಂಜಿನ್ನಿನಲ್ಲಿ. ಗ್ಯಾರೇಜಿನವರು ಎಸ್‌ಪಿಎನ್ ಮಾತ್ರ ಓದಿ ಭಾಗ ಬದಲಾಯಿಸುತ್ತಾರೆ, ಎಫ್‌ಎಂಐ ಕಡೆಗೆ ಕಣ್ಣೇ ಹಾಯಿಸುವುದಿಲ್ಲ. ಕೋಡ್ ತೋರಿಸುವುದು ಒಂದು ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್ ಇದೆ, ತಂತಿ ಜೋಡಿಸುವ ಕಪ್ಲರ್ ಇದೆ, ಮಾರುದ್ದದ ತಂತಿ ಇದೆ, ಕೊನೆಯಲ್ಲಿ ಇಸಿಎಂ ಇದೆ.

ಈ ಮೂರೂ ಮೂರು ತಂತಿಯ ಸೆನ್ಸರ್‌ಗಳು. ಒಂದು ತಂತಿಯಲ್ಲಿ ಇಸಿಎಂ 5 ವೋಲ್ಟ್ ಕಳುಹಿಸುತ್ತದೆ, ಇನ್ನೊಂದು ಅರ್ಥ್, ಮೂರನೆಯದು ಸಿಗ್ನಲ್. ಅನೇಕ ಎಂಜಿನ್‌ಗಳಲ್ಲಿ ಆ 5 ವೋಲ್ಟಿನ ತಂತಿ ಒಂದೇ ಆಗಿ ಹೊರಟು ಹಾರ್ನೆಸ್ (ತಂತಿಗಳ ಕಟ್ಟು) ಒಳಗೆ ಕವಲೊಡೆದು ಎರಡು ಮೂರು ಸೆನ್ಸರ್‌ಗಳಿಗೆ ಹೋಗುತ್ತದೆ. ಆ ತಂತಿ ಎಲ್ಲಾದರೂ ಒಂದು ಕಡೆ ಎಂಜಿನ್ ಮೈಗೆ ತಾಗಿದರೆ ಅದನ್ನು ನಂಬಿಕೊಂಡಿರುವ ಎಲ್ಲ ಸೆನ್ಸರ್‌ಗಳ ಸಿಗ್ನಲ್ಲೂ ಒಟ್ಟಿಗೆ ಬೀಳುತ್ತದೆ, ಎಲ್ಲಕ್ಕೂ 4 ಬರುತ್ತದೆ. ಅರ್ಥ್ ತಂತಿ ಕಡಿದಿದ್ದರೆ ಸಾಮಾನ್ಯವಾಗಿ ಇದರ ತದ್ವಿರುದ್ಧ: ಸಿಗ್ನಲ್ ಮೇಲಕ್ಕೆ ಹೋಗಿ 3 ಬರುತ್ತದೆ, ಜೊತೆಗೆ ಅದೇ ಅರ್ಥ್ ಬಳಸುವ ಕೂಲಂಟ್ ಟೆಂಪರೇಚರ್ ಸೆನ್ಸರೂ ಸಿಕ್ಕಿಬೀಳುತ್ತದೆ.

ಹತ್ತುಚಕ್ರ ಅವರೇ, ಎರಡು ಪ್ರಶ್ನೆ. ಕೂಲಂಟ್ ಟೆಂಪರೇಚರಿಗೆ, ಅಂದರೆ ಎಸ್‌ಪಿಎನ್ 110ಕ್ಕೆ, ಏನಾದರೂ ಕೋಡ್ ಇದೆಯೇ? ಸ್ಕ್ಯಾನರ್‌ನಲ್ಲಿ ಈಗಿನ ಕೋಡ್‌ಗಳ ಪಟ್ಟಿ ಬಿಟ್ಟು, ಹಿಂದೆ ಬಂದು ಹೋದ ಕೋಡ್‌ಗಳ ಪಟ್ಟಿ ಬೇರೆ ಇರುತ್ತದೆ, ಅದನ್ನು ತೆರೆದು ನೋಡಿದಿರಾ?

ಹೊಸ ಕ್ಲೀನರ್:
ಅಣ್ಣ, ಇಷ್ಟು ದಿನ ಎಫ್‌ಎಂಐ ಎಂದರೆ ಏನೆಂದು ಯಾರೂ ಹೇಳಿರಲಿಲ್ಲ. ಬರೆದಿಟ್ಟುಕೊಂಡೆ.

ಹಳೆಯ ಪಂಪು:
ನಾನು ಮೂವತ್ತು ವರ್ಷ ಓಡಿಸಿದ್ದು ಮೆಕ್ಯಾನಿಕಲ್ ಪಂಪಿನ ಗಾಡಿಗಳನ್ನು. ಒಂದು ಸೆನ್ಸರ್ ಇರಲಿಲ್ಲ, ಒಂದು ಕೋಡ್ ಇರಲಿಲ್ಲ. ಏರಿನಲ್ಲಿ ಹೊಗೆಯ ಬಣ್ಣ ನೋಡಿ ಕಾಯಿಲೆ ಹೇಳುತ್ತಿದ್ದೆವು. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ. ಈಗ ಒಂದು ತಂತಿ ತುಂಡಾದರೆ ಹದಿನೈದು ಟನ್ ಹೊತ್ತ ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ. ಇದನ್ನು ಮುನ್ನಡೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ರಾತ್ರಿ ಪಯಣ:
ಯಜಮಾನರೇ, ನಿಮ್ಮ ಮಾತಿಗೆ ಗೌರವವಿದೆ. ಆದರೆ ಆ ಗಾಡಿಗಳಲ್ಲಿ ಆಯಿಲ್ ಒತ್ತಡ ಬಿದ್ದರೂ ಎಂಜಿನ್ ಓಡುತ್ತಲೇ ಇತ್ತು, ಬೇರಿಂಗ್ ಸವೆದು ಹಿಡಿದುಕೊಂಡ ಮೇಲೆಯೇ ಗೊತ್ತಾಗುತ್ತಿತ್ತು. ನನ್ನ ಅಣ್ಣನ ಗಾಡಿಯ ಕ್ರ್ಯಾಂಕ್ ಹೋದದ್ದು ಹಾಗೆಯೇ. ಈಗ ಇಸಿಎಂ ಶಕ್ತಿ ಇಳಿಸಿ ಎಚ್ಚರಿಸುತ್ತದೆ.

ಹಳೆಯ ಪಂಪು:
ಗೇಜ್ ನೋಡದೆ ಓಡಿಸಿದರೆ ಯಾವ ಎಂಜಿನ್ ಆದರೂ ಹೋಗುತ್ತದೆ. ಡ್ರೈವರ್ ಕಣ್ಣು ಗೇಜ್ ಮೇಲೆ ಇರಬೇಕು.

ಮೂರನೆಯ ಗೇರು:
ಅದಕ್ಕೇ ಹೇಳಿದ್ದು, ಆಯಿಲ್ ಪ್ರೆಶರ್ ಕೋಡನ್ನು ಸೆನ್ಸರ್ ದೋಷ ಎಂದುಕೊಂಡು ಓಡಿಸುತ್ತಾ ಹೋದರೆ ತಪ್ಪೇನಿಲ್ಲ. ನನ್ನದರಲ್ಲೂ ಬರುತ್ತದೆ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಡೀಸೆಲ್ ಮೇಸ್ತ್ರಿ:
ತಪ್ಪಿದೆ, ದೊಡ್ಡ ತಪ್ಪು. ನಿಮ್ಮದರಲ್ಲಿ ಬರುವುದು 100ರ ಜೊತೆಗೆ 4ನೋ 1ನೋ? 1 ಆಗಿದ್ದರೆ ಒತ್ತಡ ನಿಜವಾಗಿಯೂ ಕಡಿಮೆ ಇದೆ ಎಂದು ಎಂಜಿನ್ ಕೂಗಿ ಹೇಳುತ್ತಿದೆ. ಈಗಲೇ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ. ಸೆನ್ಸರ್ ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜ್ ಹಾಕಿ ಅಳೆಯಿರಿ. ಅಳತೆ ಸರಿಯಾಗಿದ್ದರೆ ಮಾತ್ರ ಸೆನ್ಸರನ್ನು ಅನುಮಾನಿಸಿ. ಇದರಲ್ಲಿ ಅಡ್ಡದಾರಿ ಇಲ್ಲ.

ಮೂರನೆಯ ಗೇರು:
1 ಎಂದೇ ನೆನಪು. ಇಂದು ಸಂಜೆಯೇ ಗೇಜ್ ಹಾಕಿಸುತ್ತೇನೆ.

ಹತ್ತುಚಕ್ರ:
ತಾಮ್ರದ ತಂತಿ ಅವರೇ, ನೀವು ಹೇಳಿದಂತೆ ಹಳೆಯ ಪಟ್ಟಿ ತೆರೆದೆ. 110ಕ್ಕೆ ಯಾವ ಕೋಡೂ ಇಲ್ಲ. ಆದರೆ ನಾವು ಯಾರೂ ನೋಡದ ಒಂದು ಸಾಲು ಅಲ್ಲಿತ್ತು: ಎಸ್‌ಪಿಎನ್ 3509, ಎಫ್‌ಎಂಐ 4. ಎಷ್ಟು ಸಲ ಬಂದಿದೆ ಎಂಬ ಲೆಕ್ಕವೂ ಪಕ್ಕದಲ್ಲೇ ಇದೆ. 100ಕ್ಕೆ 41, 102ಕ್ಕೆ 41, 157ಕ್ಕೆ 41, ಈ 3509ಕ್ಕೂ 41.

ತಾಮ್ರದ ತಂತಿ:
ಸಿಕ್ಕಿತು! 3509 ಎಂದರೆ ಸೆನ್ಸರ್‌ಗಳಿಗೆ ಹೋಗುವ ಮೊದಲನೆಯ ಸಪ್ಲೈ ವೋಲ್ಟೇಜ್. ಅದು ಬಿದ್ದಿದೆ ಎಂದು ಇಸಿಎಂ 41 ಸಲ ಹೇಳಿದೆ. ಆ 41 ಸಲವೂ ಮೂರು ಸೆನ್ಸರ್ ಜೊತೆಯಲ್ಲೇ ಬಿದ್ದಿವೆ. ನೀವು ಬದಲಾಯಿಸಿದ ಎರಡು ಸೆನ್ಸರ್‌ಗಳಲ್ಲಿ ಏನೂ ಕೆಟ್ಟಿರಲಿಲ್ಲ ಎಂದು ನನಗೆ ಅನಿಸುತ್ತದೆ. ಹಳೆಯವನ್ನು ಎಸೆದಿದ್ದೀರಾ?

ಹತ್ತುಚಕ್ರ:
ಇಲ್ಲ, ಕ್ಯಾಬಿನ್ನಿನಲ್ಲೇ ಬಟ್ಟೆ ಸುತ್ತಿ ಇಟ್ಟಿದ್ದೇನೆ.

ನೀಲಿ ಕ್ಯಾಬಿನ್:
ಹಾಗಾದರೆ ಇಸಿಎಂ ಒಳಗಿನ 5 ವೋಲ್ಟ್ ಸಪ್ಲೈಯೇ ಕೆಟ್ಟಿರಬಹುದಲ್ಲ? ಗ್ಯಾರೇಜಿನವರು ಹೇಳಿದ್ದೂ ಸುಳ್ಳಾಗಬೇಕಿಲ್ಲ.

ತಾಮ್ರದ ತಂತಿ:
ಆಗಬಹುದು, ಆದರೆ ಅದು ಕೊನೆಯ ಅನುಮಾನವಾಗಿರಬೇಕು. ಇಸಿಎಂ ಒಳಗಿನದು ಕೆಟ್ಟಿದ್ದರೆ ಖಾಲಿ ಗಾಡಿಯಲ್ಲೂ ಒಮ್ಮೆಯಾದರೂ ಬರಬೇಕಿತ್ತು. ಇಲ್ಲಿ ಲೋಡಿನಲ್ಲಿ, ಏರಿನಲ್ಲಿ ಮಾತ್ರ ಬರುತ್ತಿದೆ. ಏರಿನಲ್ಲಿ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ, ಶಕ್ತಿ ಹೆಚ್ಚಿದಷ್ಟೂ ವಾಲುವುದು ಹೆಚ್ಚು. ಎಂಜಿನ್ ಜೊತೆ ವಾಲುವ ತಂತಿಯೊಂದು ಎಲ್ಲೋ ಲೋಹಕ್ಕೆ ಒತ್ತುತ್ತಿದೆ ಎಂಬುದು ನನ್ನ ಲೆಕ್ಕ. ಬಿಸಿಯಿಂದಲೂ ಇರಬಹುದು.

ನೀಲಿ ಕ್ಯಾಬಿನ್:
ಲೆಕ್ಕ ಸರಿಯಿದೆ. ಆದರೆ ಅಳೆದು ತೋರಿಸುವವರೆಗೆ ಅದೂ ಊಹೆಯೇ.

ತಾಮ್ರದ ತಂತಿ:
ಒಪ್ಪುತ್ತೇನೆ. ಹಾಗಾದರೆ ಅಳೆಯೋಣ.

ಡೀಸೆಲ್ ಮೇಸ್ತ್ರಿ:
ಸಾಮಾನ್ಯ ವಿಧಾನ ಇದು: ಕೀ ಆನ್ ಮಾಡಿ, 5 ವೋಲ್ಟ್ ತಂತಿಗೆ ಮೀಟರ್ ಹಿಡಿದು, ಆ ತಂತಿಯ ಮೇಲಿರುವ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಕಳಚಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಅದರ ಒಳಗೆ ಶಾರ್ಟ್ ಇದೆ.

ರಾತ್ರಿ ಪಯಣ:
ಮೇಸ್ತ್ರಿಗಳೇ, ನಿಂತ ಗಾಡಿಯಲ್ಲಿ ದೋಷವೇ ಇಲ್ಲವಲ್ಲ. ಆಗ ಯಾವುದನ್ನು ಕಳಚಿದರೂ 5 ವೋಲ್ಟೇ ಇರುತ್ತದೆ. ಕಾಯಿಲೆ ಇರುವಾಗಲೇ ನಾಡಿ ನೋಡಬೇಕು.

ಡೀಸೆಲ್ ಮೇಸ್ತ್ರಿ:
ಸರಿಯಾದ ಮಾತು, ನನ್ನ ವಿಧಾನ ಸತತ ದೋಷಕ್ಕೆ ಮಾತ್ರ. ಹಾಗಾದರೆ ಮೀಟರನ್ನೇ ಏರಿಗೆ ಕರೆದುಕೊಂಡು ಹೋಗಬೇಕು. ಬೂಸ್ಟ್ ಸೆನ್ಸರ್ ಕಪ್ಲರಿನ ಹಿಂಬದಿಯಿಂದ, ರಬ್ಬರ್ ಸೀಲ್ ಪಕ್ಕದಲ್ಲಿ ತೆಳುವಾದ ಪಿನ್ ತೂರಿಸಿ 5 ವೋಲ್ಟ್ ತಂತಿಗೆ ಮುಟ್ಟಿಸಿ. ಅಲ್ಲಿಂದ ಸಣ್ಣ ಫ್ಯೂಸ್ ಹಾಕಿದ ತಂತಿಯನ್ನು ಕ್ಯಾಬಿನ್ನಿಗೆ ತನ್ನಿ. ಮೀಟರನ್ನು ಮಿನ್-ಮ್ಯಾಕ್ಸ್‌ನಲ್ಲಿ ಇಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು ಎದ್ದರೂ ಅತಿ ಕಡಿಮೆ ಅಳತೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೀಟರ್ ನೋಡುವವರು ಬೇರೆ ಇರಲಿ, ನೀವು ರಸ್ತೆ ನೋಡಿ.

ಹೊಸ ಕ್ಲೀನರ್:
ಅಣ್ಣ, ತಂತಿಯ ಪ್ಲಾಸ್ಟಿಕ್ ಮೇಲೆ ಸೂಜಿ ಚುಚ್ಚಿ ಅಳೆದರೆ ಸುಲಭವಲ್ಲವೇ? ನಮ್ಮ ಎಲೆಕ್ಟ್ರಿಷಿಯನ್ ಹಾಗೆಯೇ ಮಾಡುತ್ತಾರೆ. 24 ವೋಲ್ಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತಾರೆ.

ತಾಮ್ರದ ತಂತಿ:
ಎರಡೂ ಬೇಡ ತಮ್ಮ. ಚುಚ್ಚಿದ ತೂತಿನಿಂದ ನೀರು ಒಳಗೆ ಇಳಿಯುತ್ತದೆ, ಕೆಲವು ತಿಂಗಳಲ್ಲಿ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ. ಆಗ ಇಲ್ಲದ ಕಾಯಿಲೆಯನ್ನು ನಾವೇ ಹುಟ್ಟಿಸಿದಂತೆ. ಟೆಸ್ಟ್ ಲ್ಯಾಂಪ್ ವಿಷಯ: 21 ವ್ಯಾಟಿನ ಬಲ್ಬ್ 24 ವೋಲ್ಟಿನಲ್ಲಿ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಸೆನ್ಸರ್‌ಗಳ 5 ವೋಲ್ಟ್ ಸಪ್ಲೈ ಅಷ್ಟು ಹೊರೆ ಹೊರಲು ಮಾಡಿದ್ದಲ್ಲ. ಸೆನ್ಸರ್ ತಂತಿಗಳಿಗೆ ಮಲ್ಟಿಮೀಟರ್ ಮಾತ್ರ.

ನೀಲಿ ಕ್ಯಾಬಿನ್:
ಟೆಸ್ಟ್ ಲ್ಯಾಂಪನ್ನು ಪೂರ್ತಿ ತಳ್ಳಿಹಾಕಬೇಡಿ. ಇಸಿಎಂಗೆ ಬರುವ ಮುಖ್ಯ 24 ವೋಲ್ಟ್ ಮತ್ತು ಅರ್ಥ್ ತಂತಿಗಳನ್ನು ಕಪ್ಲರ್ ಕಳಚಿ ಬಲ್ಬಿನಿಂದಲೇ ಪರೀಕ್ಷಿಸಬೇಕು. ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮಲ್ಟಿಮೀಟರ್ ಪೂರ್ತಿ 24 ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಬಲ್ಬ್ ಹಾಕಿದರೆ ಮಂಕಾಗಿ ಉರಿದು ಗುಟ್ಟು ರಟ್ಟಾಗುತ್ತದೆ. ಇಂಥದ್ದೇ ಒಂದು ತಂತಿ ನನ್ನನ್ನು ಮೂರು ದಿನ ಅಲೆಸಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಾಮ್ರದ ತಂತಿ:
ಮುಖ್ಯ ಸಪ್ಲೈ ತಂತಿಗಳಿಗೆ ನೀವು ಹೇಳಿದ್ದೇ ಸರಿ.

ರಾತ್ರಿ ಪಯಣ:
ಬಿಸಿಯಾದಾಗ ಕೆಡುವ ಮಾತು ಬಂದದ್ದಕ್ಕೆ ನನ್ನದೊಂದು ಅನುಭವ. ಗಾಡಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು. ಮಧ್ಯಾಹ್ನ ಓಡಿ ನಿಂತ ಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುತ್ತಿರಲಿಲ್ಲ, ಒಂದು ಗಂಟೆ ತಣ್ಣಗಾದರೆ ಮತ್ತೆ ಸರಿ. ಬ್ಯಾಟರಿ, ಸ್ಟಾರ್ಟರ್, ಪಂಪು ಎಲ್ಲದರ ಮೇಲೂ ಅನುಮಾನಪಟ್ಟಾಯಿತು. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿ, ‘ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡುತ್ತದೆಯೇ ನೋಡು’ ಎಂದರು. ಅಲ್ಲಾಡುತ್ತಿರಲಿಲ್ಲ. ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಬರುತ್ತಿಲ್ಲ ಎಂದು ಅಲ್ಲೇ ತಿಳಿಯಿತು. ನನ್ನದು ಎರಡು ತಂತಿಯ ಸೆನ್ಸರ್, ಒಳಗೆ ಅಯಸ್ಕಾಂತಕ್ಕೆ ಸುತ್ತಿದ ಸುರುಳಿ. ತಣ್ಣಗಿದ್ದಾಗ ಅಳೆದರೆ 900 ಓಮ್ ಹತ್ತಿರ ಇತ್ತು, ಬಿಸಿಯಲ್ಲಿ ಅಳೆದರೆ ಮೀಟರ್ ಏನೂ ತೋರಿಸಲಿಲ್ಲ. ಒಳಗಿನ ಸುರುಳಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತಿತ್ತು. ಅಲ್ಲಿ ಮಾತ್ರ ಸೆನ್ಸರ್ ಬದಲಾಯಿಸಿದ್ದೇ ಮದ್ದು.

ಡೀಸೆಲ್ ಮೇಸ್ತ್ರಿ:
ಚೆನ್ನಾಗಿ ಹೇಳಿದಿರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ: ಮೂರು ತಂತಿಯ, ‘ಹಾಲ್’ ಎಂಬ ಬಗೆಯ ಕ್ರ್ಯಾಂಕ್ ಸೆನ್ಸರಿಗೆ ಓಮ್ ಮೀಟರ್ ಹಿಡಿಯಬೇಡಿ, ಅದರಲ್ಲಿರುವುದು ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅದರ ಸಿಗ್ನಲ್ ತಂತಿಯಲ್ಲಿ ವೋಲ್ಟೇಜ್ ಏರಿಳಿಯುತ್ತದೆಯೇ ಎಂದು ನೋಡಬೇಕು. ಯಾವ ಬಗೆಯ ಕ್ರ್ಯಾಂಕ್ ಸೆನ್ಸರ್ ಆದರೂ ಬಿಚ್ಚಿದಾಗ ತುದಿಯನ್ನು ಒರೆಸಿ ನೋಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡಿದ್ದರೆ ಸಿಗ್ನಲ್ ಹಾಳಾಗುತ್ತದೆ. ಆ ಪುಡಿ ಎಲ್ಲಿಂದ ಬಂತು ಎಂದೂ ಕೇಳಿಕೊಳ್ಳಿ.

ಹತ್ತುಚಕ್ರ:
ಇಂದು ಏರಿಗೆ ಹೋಗಿ ಬಂದೆವು. ಪಕ್ಕದಲ್ಲಿ ತಮ್ಮ ಮೀಟರ್ ಹಿಡಿದು ಕುಳಿತಿದ್ದ. ಹೊರಡುವಾಗ 5.01 ವೋಲ್ಟ್. ಸಮತಟ್ಟಿನಲ್ಲಿ ಒಂದು ಗಂಟೆ ಅದೇ. ಏರಿನ ಎರಡನೆಯ ತಿರುವಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದ್ದೆ, ಲೈಟ್ ಬಂತು, ಪಿಕಪ್ ಬಿತ್ತು. ಮೀಟರಿನಲ್ಲಿ ಅತಿ ಕಡಿಮೆ ಅಳತೆ 0.2 ವೋಲ್ಟ್. ಕಾಲು ತೆಗೆದ ತಕ್ಷಣ ಮತ್ತೆ 5.01.

ತಾಮ್ರದ ತಂತಿ:
ಕಾಲು ತೆಗೆದ ತಕ್ಷಣ ಮರಳಿತು ಎಂದರೆ ಬಿಸಿಯ ಕಾಯಿಲೆ ಅಲ್ಲ, ಬಿಸಿ ಅಷ್ಟು ಬೇಗ ಇಳಿಯುವುದಿಲ್ಲ. ಎಂಜಿನ್ ವಾಲುವುದೇ ಕಾರಣ. ಎರಡು ತಿಂಗಳಿಂದ ಎಂದಿರಿ. ಅದಕ್ಕೆ ಸ್ವಲ್ಪ ಮೊದಲು ಏನಾದರೂ ಕೆಲಸ ಮಾಡಿಸಿದ್ದಿರಾ?

ಹತ್ತುಚಕ್ರ:
ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್ ಬಾಕ್ಸ್ ಇಳಿಸಿದ್ದರು. ಅದಕ್ಕೂ ಸೆನ್ಸರಿಗೂ ಸಂಬಂಧವಿರಬಹುದು ಎಂದು ಹೊಳೆದೇ ಇರಲಿಲ್ಲ.

ಡೀಸೆಲ್ ಮೇಸ್ತ್ರಿ:
ಗೇರ್ ಬಾಕ್ಸ್ ಇಳಿಸುವಾಗ ಎಂಜಿನ್ ಹಿಂಬದಿಯ ಹಾರ್ನೆಸ್ ಕ್ಲ್ಯಾಂಪ್‌ಗಳನ್ನು ಬಿಚ್ಚಲೇಬೇಕು. ಮೊದಲು ಅಲ್ಲಿ ನೋಡಿ. ಕ್ಯಾಬಿನ್ ಎತ್ತಿದ ಮೇಲೆ ಅದರ ಲಾಕ್ ಕೂತಿದೆಯೇ ಎಂದು ಎರಡು ಸಲ ನೋಡಿಕೊಂಡೇ ಕೆಳಗೆ ಹೋಗಿ.

ತಾಮ್ರದ ತಂತಿ:
ಕೀ ಆಫ್, ಬ್ಯಾಟರಿ ನೆಗೆಟಿವ್ ಕಳಚಿ, ಇಸಿಎಂನ ಎಂಜಿನ್ ಕಡೆಯ ಕಪ್ಲರ್ ಕಳಚಿ, ಮೂರೂ ಸೆನ್ಸರ್‌ಗಳ ಕಪ್ಲರ್ ಕಳಚಿ. ಈಗ ಆ 5 ವೋಲ್ಟ್ ತಂತಿ ಎರಡೂ ಕಡೆ ಒಂಟಿ, ಯಾವುದಕ್ಕೂ ಸೇರಿಲ್ಲ. ಮೀಟರನ್ನು ಬೀಪ್ ಮಾಡುವ ಜಾಗಕ್ಕೆ ತಿರುಗಿಸಿ, ಒಂದು ಮುಳ್ಳು ಆ ತಂತಿಗೆ, ಇನ್ನೊಂದು ಎಂಜಿನ್ ಮೈಗೆ. ಬೀಪ್ ಬರಬಾರದು. ಆಮೇಲೆ ಮರದ ಕೋಲಿನಿಂದ ಹಾರ್ನೆಸ್ಸನ್ನು ಗೇಣು ಗೇಣಾಗಿ ಒತ್ತುತ್ತಾ ಬನ್ನಿ. ಸೆನ್ಸರ್‌ಗಳೂ ಇಸಿಎಂ ಕೂಡ ಹೊರಗಿರುವಾಗಲೇ ಬೀಪ್ ಬಂದರೆ ಅವೆಲ್ಲ ನಿರ್ದೋಷಿಗಳು, ತಂತಿಯೇ ಕಳ್ಳ.

ಮೂರನೆಯ ಗೇರು:
ನಡುವೆ ನನ್ನದನ್ನು ಹೇಳಿಬಿಡುತ್ತೇನೆ. ಗೇಜ್ ಹಾಕಿಸಿದೆ. ಬಿಸಿ ಎಂಜಿನ್ನಿನಲ್ಲಿ, ಐಡಲ್‌ನಲ್ಲಿ ಒತ್ತಡ ಅರ್ಧ ಬಾರ್ ಕೂಡ ಇಲ್ಲ. ಸಂಪ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಇಳಿಸಿ ನೋಡಿದರೆ ಆಯಿಲ್ ಎಳೆಯುವ ಜಾಲರಿ ಮುಕ್ಕಾಲು ಪಾಲು ಕೆಸರಿನಿಂದ ಮುಚ್ಚಿಹೋಗಿದೆ. ಮೇಸ್ತ್ರಿಗಳೇ, ನೀವು ಆ ದಿನ ಗದರಿದ್ದಕ್ಕೆ ನಾನು ಋಣಿ. ಬೇರಿಂಗ್‌ಗಳನ್ನೂ ಬಿಚ್ಚಿ ನೋಡುತ್ತಿದ್ದಾರೆ.

ಹತ್ತುಚಕ್ರ:
ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಹೇಳಿದಂತೆಯೇ ಎಲ್ಲವನ್ನೂ ಕಳಚಿ ಮುಂದಿನಿಂದ ಶುರು ಮಾಡಿದೆ. ಮುಂದೆ ಏನೂ ಇಲ್ಲ, ಬದಿಯಲ್ಲಿ ಏನೂ ಇಲ್ಲ. ಎಂಜಿನ್ನಿನ ಹಿಂದೆ, ಬೆಲ್ ಹೌಸಿಂಗ್ (ಕ್ಲಚ್ಚಿನ ಕವಚ) ಮೇಲಿನ ಬ್ರ್ಯಾಕೆಟ್ ಹತ್ತಿರ ಕೋಲು ಒತ್ತಿದ ಕೂಡಲೇ ಬೀಪ್. ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಬರುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಬ್ರ್ಯಾಕೆಟ್ಟಿನಲ್ಲಿ ಕ್ಲ್ಯಾಂಪ್ ಕೂರಬೇಕಾದ ತೂತು ಖಾಲಿ. ಅದರ ಬದಲಿಗೆ ಹಾರ್ನೆಸ್ಸನ್ನು ಪ್ಲಾಸ್ಟಿಕ್ ಟೈನಿಂದ ಕಟ್ಟಿದ್ದರು, ಆ ಟೈ ಬಿಸಿಗೆ ಗರಿಗರಿಯಾಗಿ ಮುರಿದು ಬಾಲ ಮಾತ್ರ ಉಳಿದಿದೆ. ಬ್ರ್ಯಾಕೆಟ್ಟಿನ ಮೈಯೆಲ್ಲ ಎಣ್ಣೆ ಧೂಳು ಕೂತು ಕಪ್ಪಾಗಿದೆ, ಒಂದು ಅಂಚು ಮಾತ್ರ ಬೆರಳಗಲ ಬೆಳ್ಳಿಯಂತೆ ಹೊಳೆಯುತ್ತಿದೆ. ಹಾರ್ನೆಸ್ಸಿನ ಸುಕ್ಕು ಪೈಪು ಅಲ್ಲಿಯೇ ಸೀಳಿದೆ. ಒಳಗೆ ಒಂದೇ ತಂತಿಯ ಪ್ಲಾಸ್ಟಿಕ್ ಸವೆದು ಅಕ್ಕಿಕಾಳಿನಷ್ಟು ತಾಮ್ರ ಕಾಣುತ್ತಿತ್ತು, ಸುತ್ತ ಹಸಿರು. ಪಕ್ಕದ ಯಾವ ತಂತಿಗೂ ಗಾಯವಾಗಿಲ್ಲ.

ಈ ಅಕ್ಕಿಕಾಳಿನಷ್ಟು ಜಾಗಕ್ಕೆ ಎರಡು ಸೆನ್ಸರ್ ತಂದಿದ್ದೆ, ಇಸಿಎಂ ತರುವುದರಲ್ಲಿದ್ದೆ.

ರಾತ್ರಿ ಪಯಣ:
ಓದಿ ನನ್ನ ಕಣ್ಣು ತುಂಬಿಬಂತು. ಅಭಿನಂದನೆಗಳು ಅಣ್ಣ.

ಹಳೆಯ ಪಂಪು:
ಹೊಳೆಯುವ ಅಂಚನ್ನು ಕಂಡುಹಿಡಿದದ್ದು ಸ್ಕ್ಯಾನರ್ ಅಲ್ಲ, ಕಣ್ಣು. ಅದನ್ನು ಹೇಳಲೇಬೇಕು. ಆದರೆ ಎಲ್ಲಿ ನೋಡಬೇಕೆಂದು ಆ 41ರ ಲೆಕ್ಕ ತೋರಿಸಿಕೊಟ್ಟಿತು, ಅದನ್ನೂ ಒಪ್ಪುತ್ತೇನೆ.

ತಾಮ್ರದ ತಂತಿ:
ಈಗ ರಿಪೇರಿಯಲ್ಲಿ ಅವಸರ ಮಾಡಬೇಡಿ. ಟೇಪ್ ಸುತ್ತಿ ಬಿಟ್ಟರೆ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಹಸಿರಾದ ತುಂಡನ್ನು ಕತ್ತರಿಸಿ ತೆಗೆಯಿರಿ, ಎರಡೂ ಕಡೆ ತಾಮ್ರ ಕೆಂಪಾಗಿ ಹೊಳೆಯುವವರೆಗೆ. ಅದೇ ದಪ್ಪದ ತಂತಿಯ ತುಂಡು ಸೇರಿಸಿ ಸರಿಯಾದ ಇಕ್ಕಳದಿಂದ ಒತ್ತಿ ಕೂಡಿಸಿ, ಅಂದರೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿ. ಕ್ಲ್ಯಾಂಪ್ ರಬ್ಬರ್ ಪಟ್ಟಿ ಇರುವುದೇ ಆಗಬೇಕು, ಆ ಖಾಲಿ ತೂತಿಗೇ ಬೋಲ್ಟ್ ಹಾಕಿ ಕೂರಿಸಿ.

ನೀಲಿ ಕ್ಯಾಬಿನ್:
ಕ್ರಿಂಪ್ ಏಕೆ, ಬೆಸುಗೆ ಹಾಕಿದರೆ ಗಟ್ಟಿಯಲ್ಲವೇ?

ತಾಮ್ರದ ತಂತಿ:
ಬೆಸುಗೆ ತಂತಿಯೊಳಗೆ ಹರಿದು ಅಷ್ಟು ಉದ್ದವನ್ನು ಕಡ್ಡಿ ಮಾಡುತ್ತದೆ. ಎಂಜಿನ್ ಅದುರುವ ಜಾಗದಲ್ಲಿ ಕಡ್ಡಿ ಮುಗಿದು ಎಳೆ ಶುರುವಾಗುವಲ್ಲಿ ತಂತಿ ಮುರಿಯುತ್ತದೆ. ಬೆಸುಗೆ ಹಾಕಿಯೂ ವರ್ಷಗಟ್ಟಲೆ ಬಾಳಿದ್ದನ್ನು ನೋಡಿದ್ದೇನೆ, ಆದರೆ ಎಂಜಿನ್ ಮೇಲೆ ನಾನು ಕ್ರಿಂಪ್ ಮಾತ್ರ ಮಾಡುತ್ತೇನೆ.

ನೀಲಿ ಕ್ಯಾಬಿನ್:
ನಾನು ಬೆಸುಗೆಯ ಪರವೇ. ಹಿಂದೆ ಮುಂದೆ ತಂತಿ ಅಲ್ಲಾಡದಂತೆ ಕಟ್ಟಿದರೆ ಮುರಿಯುವುದಿಲ್ಲ.

ಡೀಸೆಲ್ ಮೇಸ್ತ್ರಿ:
ಇಬ್ಬರ ಜಗಳವೂ ಕ್ಲ್ಯಾಂಪ್ ಸರಿಯಾಗಿ ಹಾಕಿದರೆ ತೀರುತ್ತದೆ. ಇನ್ನೊಂದು ಮಾತು: ಬ್ರ್ಯಾಕೆಟ್ ಸರಿಪಡಿಸಲು ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ಎರಡೂ ಕೇಬಲ್ ಮತ್ತು ಇಸಿಎಂ ಕಪ್ಲರ್‌ಗಳನ್ನು ಕಳಚಿಸಿ, ವೆಲ್ಡಿಂಗಿನ ಅರ್ಥನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ಚೆನ್ನಾಗಿದ್ದ ಇಸಿಎಂ ವೆಲ್ಡಿಂಗಿಗೆ ಬಲಿಯಾದದ್ದನ್ನು ನೋಡಿದ್ದೇನೆ.

ಹತ್ತುಚಕ್ರ:
ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿದೆ, ರಬ್ಬರಿನ ಕ್ಲ್ಯಾಂಪ್ ಕೂರಿಸಿದೆ, ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿದೆ. ವೆಲ್ಡಿಂಗ್ ಬೇಕಾಗಲಿಲ್ಲ. ನಿನ್ನೆ ಅದೇ ಲೋಡು, ಅದೇ ಏರು, ಅದೇ ತಿರುವು. ಮೀಟರ್ ಮೊದಲಿನಂತೆಯೇ ಕಟ್ಟಿಕೊಂಡಿದ್ದೆವು. ತುದಿ ಮುಟ್ಟುವವರೆಗೆ ಅತಿ ಕಡಿಮೆ ಅಳತೆ 4.99. ಹಳೆಯ ಬೂಸ್ಟ್ ಸೆನ್ಸರನ್ನೇ ಮತ್ತೆ ಹಾಕಿ ಓಡಿಸಿದೆ. ಇಂದು ಬೆಳಿಗ್ಗೆ ಕೀ ಆನ್ ಮಾಡಿ, ಎಂಜಿನ್ ಓಡಿಸದೆ ಅದರ ಅಳತೆಯನ್ನೂ ಹೊರಗಿನ ಗಾಳಿಯ ಒತ್ತಡದ ಅಳತೆಯನ್ನೂ ಸ್ಕ್ಯಾನರ್‌ನಲ್ಲಿ ಹೋಲಿಸಿದೆ, ಎರಡೂ ಒಂದೇ ಬರುತ್ತಿವೆ.

ಹೊಸ ಕ್ಲೀನರ್:
ಅಣ್ಣಂದಿರೇ, ಇದೇ ಜಾಗದಲ್ಲಿ ನಮ್ಮ ಗಾಡಿಯದನ್ನೂ ಕೇಳಬಹುದೇ? ರೇಡಿಯೇಟರ್ ಫ್ಯಾನ್ ಸ್ಟಾರ್ಟ್ ಮಾಡಿದ ಗಳಿಗೆಯಿಂದ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಸ್ಕ್ಯಾನರ್‌ನಲ್ಲಿ 110ಕ್ಕೆ ಎಫ್‌ಎಂಐ 3. ಕೂಲಂಟ್ ಬಿಸಿ ಮೈನಸ್ 40 ಎಂದು ತೋರಿಸುತ್ತದೆ, ಎಂಜಿನ್ ಮುಟ್ಟಿದರೆ ಸುಡುತ್ತದೆ.

ತಾಮ್ರದ ತಂತಿ:
ಎಂಜಿನ್ ಸುಡುತ್ತಿರುವಾಗ ಮೈನಸ್ 40 ಎಂದರೆ ಎಲ್ಲೋ ಸರ್ಕ್ಯೂಟ್ ತುಂಡಾಗಿದೆ. ನಿಜವಾದ ಬಿಸಿ ಗೊತ್ತಾಗದೆ ಇಸಿಎಂ ಫ್ಯಾನನ್ನು ಹಾಕಿಬಿಡುತ್ತದೆ, ಎಂಜಿನ್ ಉಳಿಸಲು. ಸೆನ್ಸರ್ ಕಪ್ಲರ್ ಕಳಚಿ. ಹಾರ್ನೆಸ್ ಕಡೆಯ ಎರಡು ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ ಕೀ ಆನ್ ಮಾಡಿ. ಇದು ಎರಡೇ ಪಿನ್ ಇರುವ ಟೆಂಪರೇಚರ್ ಸೆನ್ಸರಿಗೆ ಮಾತ್ರ, ಮೂರು ಪಿನ್ ಇರುವುದಕ್ಕೆ ಮಾಡಬೇಡ. ಅಳತೆ ಮೈನಸ್‌ನಿಂದ ಒಮ್ಮೆಗೇ ಅತಿ ಬಿಸಿಗೆ ಹಾರಿ ಕೋಡ್ 3 ಹೋಗಿ 4 ಆದರೆ ತಂತಿಯೂ ಇಸಿಎಂ ಕೂಡ ಸರಿಯಿವೆ, ಸೆನ್ಸರ್ ಹೋಗಿದೆ. ಹಾರದಿದ್ದರೆ ತಂತಿ ಹುಡುಕಬೇಕು.

ಹೊಸ ಕ್ಲೀನರ್:
ಮಾಡಿದೆ ಅಣ್ಣ. ತಂತಿ ಸೇರಿಸಿದ ಕೂಡಲೇ ಅಳತೆ ಮೇಲಕ್ಕೆ ಹಾರಿತು, 3 ಹೋಗಿ 4 ಬಂತು. ಸೆನ್ಸರಿನ ಎರಡು ಕಾಲಿಗೆ ಓಮ್ ಮೀಟರ್ ಹಿಡಿದರೆ ಏನೂ ತೋರಿಸುವುದಿಲ್ಲ.

ನೀಲಿ ಕ್ಯಾಬಿನ್:
ಹೊಸದು ತಂದ ಮೇಲೆ ಹಾಕುವ ಮೊದಲು ಅಳೆದು ನೋಡು. ಸಾಮಾನ್ಯವಾಗಿ ಸಿಗುವ ಒಂದು ಬಗೆ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯ ನೀರಿನಲ್ಲಿ ಅದ್ದಿದರೆ 300 ಓಮ್ ಹತ್ತಿರ ತೋರಿಸುತ್ತದೆ. ನಿನ್ನ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬು.

ಡೀಸೆಲ್ ಮೇಸ್ತ್ರಿ:
ತಮ್ಮ, ಹಳೆಯ ಸೆನ್ಸರ್ ಬಿಚ್ಚುವುದು ನಾಳೆ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಲ್ಲಿ ಬಿಚ್ಚಿದರೆ ಕುದಿಯುವ ಕೂಲಂಟ್ ಮುಖಕ್ಕೆ ಎರಚುತ್ತದೆ. ಹೊಸದು ಹಾಕಿ ಕೂಲಂಟ್ ತುಂಬಿಸಿ ಗಾಳಿ ತೆಗೆದ ಮೇಲೆ ಫ್ಯಾನ್ ನಿಂತಿತೇ ಎಂದು ಇಲ್ಲಿ ಬರೆ.